ಕಾಕಂಬಿಯೊಂದೇ ಸತ್ಯ: ಹೊಂಗಡಹಳ್ಳದ ಪಾನಮೀಮಾಂಸೆ

ಗುಂಡಿನ ವಿಷಯದಲ್ಲಿ ಸಕಲೇಶಪುರ ಕಡೆಯ ನಮ್ಮ ಹೊಂಗಡಹಳ್ಳದಲ್ಲಿ ಮೂರು ಮತಗಳುಂಟು: ವಿಸ್ಕಿಮತ, ರಮ್ಮುಮತ, ಬ್ರಾಂದಿಮತ. ಬಿಯರನ್ನು ನಮ್ಮ ಕಡೆ ದರ್ಶನವೆಂದೇ ಒಪ್ಪುವುದಿಲ್ಲ. ನಮ್ಮೂರಿನಂಥ ಮಳೆಯಲ್ಲಿ ದುಡ್ಡು ಕೊಟ್ಟು ತಣ್ಣನೆಯದನ್ನು ಕುಡಿಯುವವನು ನಾಸ್ತಿಕನೂ ಅಲ್ಲ, ಪ್ರವಾಸಿ.

ಸಂಶೋಧಕನಿಗೆ ಸ್ವಾನುಭವ ಬೇಕೇ ಎಂಬ ಪೂರ್ವಪಕ್ಷಕ್ಕೆ ಮೊದಲೇ ಸಮಾಧಾನ ಹೇಳಿಬಿಡುತ್ತೇನೆ. ಹೆಂಡಕುಡುಕ ರತ್ನನನ್ನು ಕನ್ನಡಕ್ಕೆ ಕೊಟ್ಟ ಜಿ.ಪಿ. ರಾಜರತ್ನಂ ಹೆಂಡ ಮುಟ್ಟಿದವರಲ್ಲ. ಅಷ್ಟು ಪ್ರತಿಭೆ ನನಗಿಲ್ಲವಾಗಿ ಕ್ಷೇತ್ರಕಾರ್ಯ ಅನಿವಾರ್ಯವಾಯಿತು.

ವಿಸ್ಕಿಮತವು ದೊರೆಗಳ ಕಾಲದ್ದು. ಕಾಫಿ ಗಿಡದ ಜೊತೆಗೇ ಬಂದದ್ದು. ಈ ಮತಸ್ಥರು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಕೆಮ್ಮಿ, ಕಾಫಿ ರೇಟಿನ ಬಗ್ಗೆ ಮಾತಾಡುತ್ತಾರೆ. ರಮ್ಮುಮತಕ್ಕೆ ಮಿಲಿಟರಿಯಿಂದ ರಿಟೈರಾಗಿ ಬಂದವರೇ ಆಚಾರ್ಯರು. ಬಿಸಿನೀರು ಬೆರೆಸುವುದು ಅವರ ಮುಖ್ಯ ಆಚಾರ. ಬ್ರಾಂದಿಯವರು ಮಾತ್ರ ತಾವು ಕುಡಿಯುತ್ತೇವೆಂದು ಒಪ್ಪುವುದೇ ಇಲ್ಲ. ಅದು ಶೀತಕ್ಕೆ, ಮೆಣಸಿನ ಪುಡಿ ಹಾಕಿದ ಔಷಧಿ. ಶೀತ ಏಪ್ರಿಲ್‌ನಲ್ಲೂ ಬಿಟ್ಟಿಲ್ಲದಿರುವುದು ವೈದ್ಯಶಾಸ್ತ್ರದ ಸೋಲು.

ಕುಡಿತವನ್ನೇ ನಿಲ್ಲಿಸುವ ಯತ್ನವೂ ಹಳೆಯದೇ. 1787ರಲ್ಲೇ ತನ್ನ ಮಂತ್ರಿ ಮೀರ್ ಸಾದಿಕನಿಗೆ ಪತ್ರ ಬರೆದು ಪೂರ್ತಿ ಪಾನನಿಷೇಧವಾಗಬೇಕೆಂದ ಟಿಪ್ಪು, ಮುಂದೆ ಸಕಲೇಶಪುರದ ಪಕ್ಕ ಮಂಜರಾಬಾದ್ ಕೋಟೆ ಕಟ್ಟಿಸಿದ. ಎಂಟು ಮೂಲೆಯ ಕೋಟೆ ಉಳಿದಿದೆ, ನಿಷೇಧ ಉಳಿಯಲಿಲ್ಲ. ನಾಲ್ಕನೆಯದಾದ ಸಾರಾಯಿಮತ ನಮ್ಮ ಕಣ್ಣೆದುರೇ ಅಳಿಯಿತು. ಸರ್ಕಾರ ಪ್ಯಾಕೆಟ್ ಸಾರಾಯಿಯನ್ನು ನಿಲ್ಲಿಸಿದ್ದು 2007ರ ಜುಲೈ 1ರಂದು. ಪಂಚಾಂಗ ತೆಗೆದು ನೋಡಿ, ಆರಿದ್ರ ಮಳೆ! ಬೇಸಿಗೆಯಲ್ಲಿ ಮಾಡಬಹುದಿತ್ತು.

ಇನ್ನು ಪ್ರಯೋಗ. ಆರಿದ್ರದ ಒಂದು ರಾತ್ರಿ, ಕರೆಂಟಿಲ್ಲದಾಗ (ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಕಾಗಲಿಲ್ಲ) ಮೂರು ಸ್ಟೀಲ್ ಲೋಟಗಳನ್ನು ಭಾವನ ಮುಂದಿಟ್ಟೆ. ಭಾವ ಮೂವತ್ತು ವರ್ಷದಿಂದ ಅಚಲ ವಿಸ್ಕಿಮತಸ್ಥರು. ಮೂರನೆಯ ಲೋಟ ಎತ್ತಿ, "ನೋಡೋ, ಇದು ಮಾಲು! ವಿಸ್ಕಿ ಅಂದ್ರೆ ಇದು" ಎಂದರು. ಬ್ಯಾಟರಿ ಬಿಟ್ಟು ನೋಡಿದರೆ ಬ್ರಾಂದಿ. "ಲೋಟ ಸರಿ ತೊಳೆದಿಲ್ಲ" ಎಂಬುದು ಅವರ ಭಾಷ್ಯ.

ಭಾವನದು ತಪ್ಪಲ್ಲವೆಂಬುದೇ ನನ್ನ ಸಿದ್ಧಾಂತ. ನಮ್ಮ ಕೈಗೆಟುಕುವ ದರದ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ಬಹಳಷ್ಟಕ್ಕೆ ಮೂಲ ಸಕ್ಕರೆ ಕಾರ್ಖಾನೆಯ ಕಾಕಂಬಿ. ಅದರಿಂದ ಇಳಿಸಿದ ಮದ್ಯಸಾರಕ್ಕೆ ಸುಟ್ಟ ಸಕ್ಕರೆಯ ಬಣ್ಣ, ಚೂರು ಪರಿಮಳ. ಲೇಬಲ್ಲಿನ ಮೇಲೆ ಎಲ್ಲಕ್ಕೂ ಅದೇ ಶೇ 42.8. ಯುರೋಪಿನ ಕಾನೂನಿನಲ್ಲಿ ಧಾನ್ಯದಿಂದ ಇಳಿಸದ್ದು ವಿಸ್ಕಿಯೇ ಅಲ್ಲ. ಅಂದರೆ ಮೂರು ಮತದವರು ಮದುವೆ ಮನೆಯ ಹಿತ್ತಲಲ್ಲಿ ತಲೆಮಾರುಗಳಿಂದ ಜಗಳವಾಡಿದ್ದು ಒಂದೇ ಕಬ್ಬಿಗಾಗಿ. ಕಾಕಂಬಿ ಸತ್ಯ, ಲೇಬಲ್ಲು ಮಿಥ್ಯೆ.

ಅಪವಾದವುಂಟು. ಬಾರ್ಲಿಯಿಂದ ಮಾಡಿ, 2004ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್. ಬೆಂಗಳೂರಿನ ಅಳಿಯ ಒಂದು ಬಾಟಲಿ ತಂದಿದ್ದ. ಪೀಪಾಯಿಯಲ್ಲಿ ಮಾಗುವಾಗ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು, ಬೆಂಗಳೂರಿನ ಸೆಕೆಗೆ ಶೇ 10ಕ್ಕೂ ಮೇಲೆ ಆವಿಯಾಗುತ್ತದಂತೆ; ಅದಕ್ಕೆ ದೇವತೆಗಳ ಪಾಲು ಎಂದು ಹೆಸರು. ಹೊಂಗಡಹಳ್ಳದಲ್ಲಿ ಹರವಿದ ಪಂಚೆ ಎಂಟು ದಿನಕ್ಕೂ ಒಣಗದು. ಆದರೂ ಅಟ್ಟದ ಮೇಲೆ, ಬಿಗಿಯಾಗಿ ಮುಚ್ಚಿಟ್ಟಿದ್ದ ಆ ಬಾಟಲಿ ಎರಡೇ ರಾತ್ರಿಗೆ ಅರ್ಧಕ್ಕಿಳಿಯಿತು. ಲೇಬಲ್ಲಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮೂರನೆಯ ದಿನ ಮಟ್ಟ ಗೆರೆಗೆ ಸರಿಯಾಗಿಯೇ ಇತ್ತು; ರುಚಿ ಮಾತ್ರ ಕಾಫಿ ಡಿಕಾಕ್ಷನ್ನಿನದು. ದೇವತೆ ಯಾರೆಂದು ಹೇಳಲಾರೆ, ಅಕ್ಕ ಓದುತ್ತಾಳೆ.

ದೊಡ್ಡ ಪುಷ್ಯ ಮಳೆಯಲ್ಲಿ ಎರಡನೆಯ ಸುತ್ತಿನ ಪ್ರಯೋಗವಿದೆ. ಭಾಗವಹಿಸುವ ವಿದ್ವಾಂಸರು ಸ್ವಂತ ಬಾಟಲಿ, ಕೊಡೆ, ಜಿಗಣೆಗೆ ಸುಣ್ಣ ತರಬೇಕಾಗಿ ಪ್ರಾರ್ಥನೆ. ಕೋಳಿ ನಮ್ಮದು.