ಮಜಾಮಾ ಮೀಮಾಂಸೆ

ನಾಮವು ವಸ್ತುವನ್ನಾಶ್ರಯಿಸಿಯೇ ನಿಲ್ಲತಕ್ಕದ್ದೆಂಬುದು ಪ್ರಾಚೀನರಲ್ಲಿ ಕೆಲವರ ಮತ. ವಸ್ತುವಿನ ಹಂಗಿಲ್ಲದೆ ನಾಮವು ಕಾಲು ಬಂದ ಕಡೆಗೆ ಸಂಚರಿಸಬಲ್ಲದೆಂಬುದು, ಅಮೆರಿಕದ ವಾಯವ್ಯಭಾಗದ ಪರ್ವತಗಳನ್ನು ಕುರಿತ ಗ್ರಂಥಗಳನ್ನು ಕೆಲಕಾಲ ತಿರುವಿಹಾಕಿದವರಿಗೆಲ್ಲ ಬೇಡವೆಂದರೂ ಹುಟ್ಟುವ ಮತ. ಅಲ್ಲಿ ‘ಮಜಾಮಾ’ ಎಂಬ ಒಂದೇ ಹೆಸರು ಒಂದು ಪರ್ವತಕ್ಕೂ, ಪರ್ವತಾರೋಹಿಗಳ ಒಂದು ಸಂಘಕ್ಕೂ, ಒಂದು ಊರಿಗೂ, ಬಿಲವಾಸಿಯಾದ ಒಂದು ಮೂಷಕಕ್ಕೂ, ಸರೋವರದ ಒಂದು ಉಭಯಚರಕ್ಕೂ ಸಂದಿದೆ; ಅದು ಸಾಲದೆಂಬಂತೆ, ಈ ಗದ್ದಲವೊಂದನ್ನೂ ಅರಿಯದೆ ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಮೇಯುತ್ತಿರುವ ಜಿಂಕೆಗಳಿಗೂ ಸಂದಿದೆ. ಇಷ್ಟು ಮಂದಿ ದಾಯಾದಿಗಳುಳ್ಳ ಆಸ್ತಿಯ ಮೂಲಪತ್ರವನ್ನು ಪರೀಕ್ಷಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ವಂಶಾವಳಿ. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಜಿಂಕೆಗೆ ‘ಮಜಾಟ್ಲ್’ ಎಂದು ಹೆಸರು. ಮಜಾಟ್ಲಾನ್ ಎಂಬ ಪಟ್ಟಣವು ಜಿಂಕೆಗಳ ನೆಲೆಯೆಂಬ ಕೀರ್ತಿಯನ್ನು ಇಂದಿಗೂ ಹೊತ್ತಿದೆ. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು 1570ರಲ್ಲಿ ಆ ದೇಶಕ್ಕೆ ಕಳುಹಿಸಿದ ವೈದ್ಯ ಫ್ರಾನ್ಸಿಸ್ಕೋ ಎರ್ನಾಂಡೆಸನು ಅಲ್ಲಿಯ ಮೃಗಗಳನ್ನು ವರ್ಣಿಸುವಾಗ ಈ ಶಬ್ದದ ಬಹುವಚನವನ್ನು ಬರೆದಿಟ್ಟನು. ಗ್ರಂಥವು ರೋಮಿನಲ್ಲಿ ಅಚ್ಚಾಗುವ ವೇಳೆಗೆ 1651 ಬಂದಿತ್ತು, ಗ್ರಂಥಕರ್ತನು ತೀರಿಕೊಂಡು ಅರುವತ್ತು ವರ್ಷಕ್ಕೂ ಮೇಲಾಗಿತ್ತು. ಆದುದರಿಂದ ಆಮೇಲಣ ಅನಾಹುತಗಳಿಗೆ ಅವನನ್ನು ಹೊಣೆಮಾಡುವುದು ನ್ಯಾಯವಲ್ಲ. ಹೊಣೆಗಾರನು ರಾಫಿನೆಸ್ಕ್ ಎಂಬ ಪ್ರಾಣಿಶಾಸ್ತ್ರಜ್ಞ. ಕಂಡ ಪ್ರಾಣಿಗೂ ಕೇಳಿದ ಪ್ರಾಣಿಗೂ ಹೆಸರಿಡುವುದರಲ್ಲಿ ಕರ್ಣನಂತೆ ಕೈಬಿಚ್ಚಿದ ಈ ಮಹಾಶಯನು, 1817ರಲ್ಲಿ ‘ಮಜಾಮಾ’ ಎಂಬ ಕುಲವೊಂದನ್ನು ಸ್ಥಾಪಿಸಿ, ಕವಲಿಲ್ಲದ ಗಿಡ್ಡ ಕೊಂಬುಗಳ ಕೆಂಪು ಜಿಂಕೆಯನ್ನು ಅದರಲ್ಲಿ ಸೇರಿಸಿದನು. ಸೇರಿಸಿ ಸುಮ್ಮನಿರದೆ, ಉತ್ತರದ ಹಿಮಪರ್ವತಗಳ ಬಿಳಿಯ ಆಡನ್ನೂ ಅದೇ ಕೊಟ್ಟಿಗೆಗೆ ಅಟ್ಟಿದನು. ಇಷ್ಟರಮೇಲೆ ಆ ಆಡಿಗೆ ‘ಒರಿಯಾಮ್ನೋಸ್’ ಎಂಬ ಮತ್ತೊಂದು ಕುಲನಾಮವನ್ನು ಅದೇ ವರ್ಷ ದಯಪಾಲಿಸಿದವನೂ ಅವನೇ.

ಆ ಆಡಿನ ವಿಷಯದಲ್ಲಿ ಒಂದೆರಡು ಮಾತು ಸಲ್ಲುತ್ತದೆ. ಮೈತುಂಬ ಬಿಳಿಯ ಉಣ್ಣೆ, ಗದ್ದದಲ್ಲಿ ಗಡ್ಡ, ಹಿಂದಕ್ಕೆ ಬಾಗಿದ ಕರಿಯ ಕಿರುಗೊಂಬು. ಗೊರಸಿನ ಅಂಚು ಗಟ್ಟಿ, ಅಂಗಾಲು ಮೆತ್ತಗೆ. ಅಂಚು ಬಿರುಕಿನಲ್ಲಿ ಕಚ್ಚಿದರೆ ಅಂಗಾಲು ಬಂಡೆಯನ್ನು ಹಿಡಿದುಕೊಳ್ಳುತ್ತದೆ. ಕೈಯಗಲದ ಬಂಡೆಯಂಚಿನ ಮೇಲೆ ನಿಂತು, ಕೆಳಗಣ ಪಾತಾಳವನ್ನು ಶಾನುಭೋಗನ ಗಾಂಭೀರ್ಯದಿಂದ ಅವಲೋಕಿಸುವುದು ಇದರ ನಿತ್ಯದ ಅಭ್ಯಾಸ. ಜನರು ಇದನ್ನು ಆಡೆನ್ನುತ್ತಾರೆ. ಶಾಸ್ತ್ರಜ್ಞರು ಇದು ನಿಜವಾದ ಆಡಲ್ಲವೆನ್ನುತ್ತಾರೆ. ಜಿಂಕೆಯಂತೂ ಅಲ್ಲವೇ ಅಲ್ಲ. ಅಂದಮೇಲೆ ಜಿಂಕೆಯ ಹೆಸರು ಇದಕ್ಕೆ ಹೇಗೆ ಸಲ್ಲುತ್ತದೆಂಬ ಪ್ರಶ್ನೆಯನ್ನು ಕೇಳಲು ಯಾರಿಗೂ ಪುರಸತ್ತಾಗುವ ಮೊದಲೇ, ಹೆಸರು ಅಲ್ಲಿಂದಲೂ ಹೊರಟುಬಿಟ್ಟಿತು.

1894ರ ಜುಲೈ 19ರಂದು, ಆರೆಗನ್ ಪ್ರಾಂತದ ಹುಡ್ ಪರ್ವತದ 3,429 ಮೀಟರ್ ಎತ್ತರದ ನೆತ್ತಿಗೆ 150ಕ್ಕೂ ಹೆಚ್ಚು ಮಂದಿ ಸ್ತ್ರೀಪುರುಷರು ಏರಿ, ಆ ಚಳಿಯಲ್ಲಿಯೇ ಒಂದು ಆರೋಹಣ ಸಂಘವನ್ನು ಸ್ಥಾಪಿಸಿದರು. ಬೆಟ್ಟದ ಆಡಿನ ಗೌರವಾರ್ಥವಾಗಿ ಅದಕ್ಕೆ ‘ಮಜಾಮಾಸ್’ ಎಂದು ನಾಮಕರಣವಾಯಿತು. ಜೀವಂತ ಹಿಮನದಿಯುಳ್ಳ ಶಿಖರವನ್ನು ಕಾಲ್ನಡಿಗೆಯಿಂದ ಏರಿದವರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವು ಈ ಸಂಘದಲ್ಲಿ ಬಹುಕಾಲ ಜಾರಿಯಲ್ಲಿತ್ತು. ಸಭಾಭವನದ ಮೆಟ್ಟಿಲನ್ನೇರುವಷ್ಟರಲ್ಲಿ ಏದುಸಿರುಬಿಡುವ ಗಣ್ಯರಿಂದ ತುಂಬಿದ ನಮ್ಮ ಪರಿಷತ್ತುಗಳು ಈ ನಿಯಮವನ್ನು ಪರಿಶೀಲಿಸಬಹುದು.

ಸಂಘದ ಮೂಲಪುರುಷನು ವಿಲಿಯಂ ಗ್ಲ್ಯಾಡ್‌ಸ್ಟನ್ ಸ್ಟೀಲ್. ಕ್ಯಾನ್ಸಸ್ಸಿನಲ್ಲಿ ಶಾಲಾಬಾಲಕನಾಗಿದ್ದಾಗ, ಬುತ್ತಿ ಸುತ್ತಿದ್ದ ಪತ್ರಿಕೆಯ ಹಾಳೆಯಲ್ಲಿ ಆರೆಗನ್ನಿನ ಕ್ರೇಟರ್ ಸರೋವರದ ವರ್ಣನೆಯನ್ನು ಓದಿದೆನೆಂದೂ, ಅಂದಿನಿಂದ ಅದನ್ನು ಕಾಣುವ ಹಂಬಲ ಹಿಡಿಯಿತೆಂದೂ ಅವನೇ ಹೇಳಿಕೊಂಡಿದ್ದಾನೆ. 1885ರಲ್ಲಿ ಕಂಡನು, ಅದನ್ನು ರಾಷ್ಟ್ರೀಯ ಉದ್ಯಾನವನ್ನಾಗಿಸಲು 1902ರವರೆಗೆ ಕಾಡಿದನು, ಬೇಡಿದನು, ಗೆದ್ದನು. ನಡುವೆ 1896ರ ಆಗಸ್ಟಿನಲ್ಲಿ ಸಂಘದವರನ್ನು ಆ ಸರೋವರದ ದಡಕ್ಕೆ ಕರೆದೊಯ್ದಾಗ, ಎದುರಿಗಿದ್ದ ಪರ್ವತಕ್ಕೆ ಸಂಘದ ಹೆಸರನ್ನೇ ಇಡಲಾಯಿತು. ಎದುರಿಗಿದ್ದ ಎಂಬುದು ಔಪಚಾರಿಕ ಪ್ರಯೋಗ, ಪರ್ವತವು ಅಲ್ಲಿರಲಿಲ್ಲ. ಸುಮಾರು 7,700 ವರ್ಷಗಳ ಹಿಂದೆ ಅದು ಸ್ಫೋಟಿಸಿ, ಒಡಲು ಬರಿದಾಗಿ, ತನ್ನೊಳಗೆ ತಾನೇ ಕುಸಿದುಹೋಗಿತ್ತು. ಆ ಕುಳಿಯಲ್ಲಿ ಮಳೆಯೂ ಹಿಮವೂ ಕೂಡಿ ನಿಂತದ್ದೇ 594 ಮೀಟರ್ ಆಳದ ಆ ನೀಲ ಸರೋವರ. ಮಗು ಹುಟ್ಟಿದ ಹನ್ನೊಂದನೆಯ ದಿನಕ್ಕೆ ನಾಮಕರಣ ಮಾಡುವ ಪದ್ಧತಿಯನ್ನು ನಾವು ಬಲ್ಲೆವು. ಸತ್ತ ಏಳು ಸಾವಿರ ವರ್ಷಗಳ ಬಳಿಕ ಮಾಡುವ ಪದ್ಧತಿಗೆ ಧರ್ಮಶಾಸ್ತ್ರದಲ್ಲಿ ಆಧಾರವನ್ನು ಹುಡುಕಬೇಕಾಗಿದೆ.

ಇಲ್ಲಿ ತಾರ್ಕಿಕರ ಗಮನವನ್ನು ಒಂದು ಸಂಗತಿಯತ್ತ ಸೆಳೆಯುವುದು ಅವಶ್ಯ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ನಮ್ಮ ನ್ಯಾಯಶಾಸ್ತ್ರದ ಹಳೆಯ ದೃಷ್ಟಾಂತ. ಪಾಶ್ಚಾತ್ಯ ಭೂವಿಜ್ಞಾನಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಬೂದಿಯನ್ನು ಕಂಡು ಪರ್ವತವನ್ನೇ ಅನುಮಾನಿಸಿದರು. ಹಲವು ಸಂಸ್ಥಾನಗಳಲ್ಲಿಯೂ ಕೆನಡಾದಲ್ಲಿಯೂ ಹರಡಿರುವ ಮಜಾಮಾ ಬೂದಿಯನ್ನೂ, ಕುಳಿಯ ಅಂಚಿನ ಬಂಡೆಗಳನ್ನೂ ಪರಿಶೀಲಿಸಿ, ಹೋವೆಲ್ ವಿಲಿಯಮ್ಸ್ ಎಂಬ ವಿದ್ವಾಂಸನು 1942ರಲ್ಲಿ ಆ ಕುಸಿತದ ಕಥೆಯನ್ನು ಸವಿಸ್ತಾರವಾಗಿ ನಿರೂಪಿಸಿದನು. ಆದರೆ ಆ ನೆಲದ ಮೂಲನಿವಾಸಿಗಳಾದ ಕ್ಲಾಮತ್ ಜನರು ಇದನ್ನು ಮೊದಲೇ ಬಲ್ಲರು: ಅಧೋಲೋಕದ ಲಾವೋ ಎಂಬವನಿಗೂ ಊರ್ಧ್ವಲೋಕದ ಸ್ಕೆಲ್ ಎಂಬವನಿಗೂ ಘೋರಯುದ್ಧವಾಗಿ ಪರ್ವತವು ಮುರಿದುಬಿತ್ತೆಂದು ಅವರ ಹಿರಿಯರು ಹೇಳುತ್ತ ಬಂದಿದ್ದರು. ಆರೆಗನ್ನಿನ ಫೋರ್ಟ್ ರಾಕ್ ಗುಹೆಯಲ್ಲಿ ಇದೇ ಬೂದಿಯ ಪದರದ ಕೆಳಗೆ, ಗಿಡದ ತೊಗಟೆಯಿಂದ ಹೆಣೆದ ಪಾದರಕ್ಷೆಗಳು 1938ರಲ್ಲಿ ದೊರೆತುವು. ಪರ್ವತವು ನಿಂತಿದ್ದಾಗ ಆ ನೆಲವನ್ನು ಮೆಟ್ಟಿದವರು ಆ ಪಾದರಕ್ಷೆಗಳ ಒಡೆಯರು. ನಾಮಕರಣದ ವಿಷಯದಲ್ಲಿ ಅವರ ಸಂತತಿಯವರನ್ನು ಒಂದು ಮಾತು ಕೇಳಿದ್ದರೆ ಸಂಘಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ. ಇರಲಿ. ಶಿಖರವೂ ಇಲ್ಲದ, ಹಿಮನದಿಯೂ ಇಲ್ಲದ ಈ ಪರ್ವತವನ್ನು ಏರಿ ಮಜಾಮಾಸ್ ಸಂಘದ ಸದಸ್ಯನಾಗುವುದು ಮಾತ್ರ ಯಾರಿಂದಲೂ ಸಾಧ್ಯವಿಲ್ಲ.

1896ರಲ್ಲಿ ಸಂಘದವರು ಸರೋವರದ ದಡದಲ್ಲಿ ಹೂಡಿದ್ದ ಶಿಬಿರಕ್ಕೆ ಬಂದಿದ್ದ ಪ್ರಾಣಿಶಾಸ್ತ್ರಜ್ಞ ಮೆರಿಯಮ್ ಎಂಬವರು 1897ರಲ್ಲಿ ಅಲ್ಲಿಯ ಗೋಫರ್ ಎಂಬ ಬಿಲವಾಸಿ ಮೂಷಕವೊಂದಕ್ಕೆ ‘ಥೋಮೋಮಿಸ್ ಮಜಾಮಾ’ ಎಂದು ಹೆಸರಿಟ್ಟರು. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆಯು ಅಕ್ಷರಶಃ ನಿಜವಾದದ್ದು ಲೋಕದಲ್ಲಿ ಇದೊಂದೇ ಸಲವೆಂದು ತೋರುತ್ತದೆ. ಕೆನ್ನೆಯ ಹೊರಗೆ ರೋಮದ ಒಳಪದರವುಳ್ಳ ಎರಡು ಚೀಲಗಳು, ಮಣ್ಣು ಬಾಯಿಗೆ ಹೋಗದಂತೆ ಹಲ್ಲುಗಳ ಹಿಂದೆ ಮುಚ್ಚಿಕೊಳ್ಳುವ ತುಟಿ, ಆಯುಷ್ಯವೆಲ್ಲ ಸುರಂಗದಲ್ಲಿ ವಾಸ. ಲೋಕದಲ್ಲಿ ಯಾರಾದರೂ ಆರೋಹಣವನ್ನು ತತ್ತ್ವತಃ ನಿರಾಕರಿಸಿದ್ದರೆ ಅದು ಈ ಜೀವಿ. ಹೆಸರು ಹುಡುಕಿಕೊಂಡು ಹೋದದ್ದು ಅದರ ಬಿಲಕ್ಕೆ.

ಸರೋವರದ ‘ಮಜಾಮಾ ನ್ಯೂಟ್’ ಎಂಬ ಉಭಯಚರವು ಆ ನೀರಲ್ಲದೆ ಬೇರೆಲ್ಲಿಯೂ ಇಲ್ಲ. ಮೀನೇ ಇಲ್ಲದಿದ್ದ ಆ ನೀರಿಗೆ 1888ರಲ್ಲಿ ಮೀನುಮರಿಗಳನ್ನು ತಂದು ಬಿಟ್ಟವನು ನಮ್ಮ ಸ್ಟೀಲನೇ. ಮೀನಿಗೆ ಆಹಾರವಾಗಲೆಂದು 1915ರಲ್ಲಿ ಕ್ರೇಫಿಷ್ ಎಂಬ ಸಿಗಡಿಯಂಥ ಪ್ರಾಣಿಗಳೂ ಬಂದುವು. ಇವು ಈಗ ನ್ಯೂಟನ್ನು ತಿಂದು ತೇಗುತ್ತಿವೆ. ಹೆಸರು ಕೊಡುವಾಗಿನ ಉದಾರತೆ ನೀರಿನ ವಿಷಯದಲ್ಲಿ ಸ್ವಲ್ಪ ಕಡಮೆಯಿದ್ದಿದ್ದರೆ ಲೇಸಾಗುತ್ತಿತ್ತು.

ವಾಷಿಂಗ್ಟನ್ ಪ್ರಾಂತದ ಮೆಥೌ ಕಣಿವೆಯ ಗೋಟ್ ಕ್ರೀಕ್ ಎಂಬ ಊರಿನವರು, ಬೆಟ್ಟದ ಆಡಿಗೆ ಗ್ರೀಕ್ ಹೆಸರೆಂದು ನಂಬಿ ತಮ್ಮೂರಿಗೂ ‘ಮಜಾಮಾ’ ಎಂದು ಇಟ್ಟುಕೊಂಡರೆಂದು ಹೇಳುತ್ತಾರೆ. ಮೆಕ್ಸಿಕೋದ ಜಿಂಕೆಗೆ ಅಥೆನ್ಸಿನ ಪೌರತ್ವವೂ ದೊರೆತಂತಾಯಿತು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಹೆಸರನ್ನು ಊರಿಗೆಲ್ಲ ಹಂಚಿದ ಆಡಿಗೆ ಶಾಸ್ತ್ರದಲ್ಲಿ ಇಂದು ಉಳಿದಿರುವುದು ‘ಒರಿಯಾಮ್ನೋಸ್ ಅಮೆರಿಕಾನಸ್’ ಎಂಬುದು. ಮಜಾಮಾ ಎಂಬುದರ ಒಂದಕ್ಷರವೂ ಅದರ ಪಾಲಿಗಿಲ್ಲ. ಆದುದರಿಂದ ನಮ್ಮ ತೀರ್ಪು: ಸ್ವತ್ತು ಜಿಂಕೆಯದು, ಅನುಭೋಗ ಸಂಘದ್ದು, ಆಡಿನ ದಾವೆ ಖರ್ಚುಸಹಿತ ವಜಾ. ಮೇಲ್ಮನವಿ ಸಲ್ಲಿಸಬಯಸುವ ವಾಚಕರು ಮೊದಲು ಆ ಬಂಡೆಯಂಚಿನವರೆಗೆ ಏರಿ, ವಾದಿಯ ವಕಾಲತ್ತಿಗೆ ಗೊರಸಿನ ರುಜು ಹಾಕಿಸಿ ತರತಕ್ಕದ್ದು.