ಚಿನ್ನಿಯ ತಂದೆ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರಾದವರು. ಸರ್ವಿಸ್ ಪೂರ್ತಿ ನಾಯಿ ಕಂಡರೆ ಕೊಡೆ ಎತ್ತಿಕೊಂಡು ಆಚೆ ಫುಟ್‌ಪಾತಿಗೆ ದಾಟಿದವರು. ಮಗನೋ ಮಗಳೋ ಒಂದು ಭಾನುವಾರ ಅಂಗೈ ತುಂಬುವಷ್ಟು ಮರಿಯೊಂದನ್ನು ತಂದು ಸೋಫಾದ ಮೇಲೆ ಬಿಟ್ಟು, ‘ಎರಡೇ ವಾರ ನೋಡ್ಕೊಳ್ಳಿ ಅಪ್ಪ’ ಎಂದು ಹೊರಟುಹೋಗುತ್ತಾರೆ. ಎರಡು ವಾರ ಮುಗಿಯುವುದರೊಳಗೆ ಮರಿಗೆ ನಾಮಕರಣವಾಗಿ, ಅದರ ಹೆಸರಲ್ಲೊಂದು ಫೈಲು ತೆರೆದು, ಹುಟ್ಟಿದ ನಕ್ಷತ್ರ ಯಾವುದೆಂಬ ವಿಚಾರಣೆಯೂ ನಡೆದಿರುತ್ತದೆ. ಆಮೇಲೆ ಮಕ್ಕಳು ವಾಪಸು ಕೇಳಿದರೆ ಕೊಡುವುದಿಲ್ಲ.

ಈ ಪಿತೃವರ್ಗವನ್ನು ಗುರುತಿಸುವುದು ಸುಲಭ. ಅಂಗಿ ಜೇಬಿನಲ್ಲಿ ಪೆನ್ನಿದ್ದ ಜಾಗದಲ್ಲಿ ಬಿಸ್ಕತ್ತು. ಮೊಬೈಲಿನ ಪರದೆಯ ಮೇಲೆ ತಿಮ್ಮಪ್ಪನ ಜಾಗಕ್ಕೆ ಮರಿ ಬಂದಿರುತ್ತದೆ. ವಾಕಿಂಗಿನಲ್ಲಿ ನಿಮ್ಮನ್ನು ತಡೆದು ಯೋಗಕ್ಷೇಮ ಕೇಳುತ್ತಾರೆ. ನೀವು ಬಾಯಿ ತೆರೆಯುವಷ್ಟರಲ್ಲಿ ‘ನಿನ್ನೆಯಿಂದ ಅವಳಿಗೆ ಮೋಷನ್ ಸರಿಯಿಲ್ಲ’ ಎಂದು ತಮ್ಮ ವಿಷಯಕ್ಕೆ ಬಂದಿರುತ್ತಾರೆ. ‘ಯಾರಿಗೆ?’ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಮುಖ ಸಣ್ಣದಾಗುತ್ತದೆ.

ನಮ್ಮ ಎದುರುಮನೆಯ ರಾಯರು ಈ ವರ್ಗದ ಹಿರಿಯ ಸದಸ್ಯರು. ಅವರ ಚಿನ್ನಿ ಶಿಹ್ ತ್ಸು ಜಾತಿಯದು. ಕೂದಲು ಕಣ್ಣಿಗೆ ಬೀಳದಂತೆ ನೆತ್ತಿಯ ಮೇಲೆ ಜುಟ್ಟು, ಜುಟ್ಟಿಗೆ ಕೆಂಪು ರಬ್ಬರ್ ಬ್ಯಾಂಡು. ರಾಯರ ಮನೆಯೊಳಕ್ಕೆ ಈರುಳ್ಳಿ, ಬೆಳ್ಳುಳ್ಳಿ ಕಾಲಿಡುವಂತಿಲ್ಲ. ಈರುಳ್ಳಿ ನಾಯಿಗಳ ರಕ್ತಕಣಗಳಿಗೆ ವಿಷ ಎಂದು ಡಾಕ್ಟರು ಹೇಳಿದ ದಿನ ರಾಯರು ನಮ್ಮ ಮನೆಗೆ ಬಂದು, ‘ನೋಡಿದ್ರಾ ಸಾರ್, ಪೂರ್ವಜನ್ಮದ ಸಂಸ್ಕಾರ’ ಎಂದು ಬೀಗಿದರು. ಸ್ವಲ್ಪ ದಿನದಲ್ಲೇ ಆ ಸಂಸ್ಕಾರಕ್ಕೆ ಪರೀಕ್ಷೆ ಬಂತು. ಮನುಷ್ಯರ ಟೂತ್‌ಪೇಸ್ಟ್ ನಾಯಿಗೆ ಆಗದು. ಅವು ಉಗುಳುವುದಿಲ್ಲ, ನುಂಗುತ್ತವೆ; ಕೆಲವು ಪೇಸ್ಟುಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿ ಅವುಗಳ ಪ್ರಾಣಕ್ಕೇ ಸಂಚಕಾರ. ನಾಯಿಗೆಂದೇ ಮಾಡಿದ ಪೇಸ್ಟು ತರಬೇಕು. ತಂದರು. ಅಂಗಡಿಯಲ್ಲಿದ್ದದ್ದು ಚಿಕನ್ ಫ್ಲೇವರು. ಆ ಟ್ಯೂಬು ಈಗ ಬಚ್ಚಲಿನ ಕಿಟಕಿಯಾಚೆ ಮುಚ್ಚಳವಿರುವ ಡಬ್ಬಿಯೊಳಗೆ ಮೈಲಿಗೆಯಲ್ಲಿದೆ. ದಿನಾ ಬೆಳಗ್ಗೆ ರಾಯರು ಬೆರಳಿಗೆ ರಬ್ಬರ್ ಬ್ರಷ್ ತೊಟ್ಟು ಚಿನ್ನಿಯ ಹಲ್ಲುಜ್ಜಿ, ಆಮೇಲೆ ಸ್ನಾನ ಮಾಡಿ, ಮಡಿಯುಟ್ಟು ಸಂಧ್ಯಾವಂದನೆಗೆ ಕೂರುತ್ತಾರೆ.

ಇಷ್ಟರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಹಲ್ಲಿನ ಪ್ರದರ್ಶನದ ಬಗ್ಗೆ. ನಾನು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಬೆಲ್ಲು ಹೊಡೆಯುತ್ತಾರೆ. ಕಂಕುಳಲ್ಲಿ ಚಿನ್ನಿ. ‘ಸ್ವಲ್ಪ ಟಾರ್ಚ್ ಹಿಡೀರಿ ಸಾರ್.’ ಹೆಬ್ಬೆರಳಿನಿಂದ ಅವಳ ಮೇಲ್ದುಟಿ ಎತ್ತುತ್ತಾರೆ. ‘ಹಾಲುಹಲ್ಲು 28, ಗಟ್ಟಿಹಲ್ಲು 42. ಇಲ್ಲಿ ನೋಡಿ, ಹೊಸ ಕೋರೆಹಲ್ಲು ಬಂದಿದೆ, ಹಳೇದು ಜಾಗ ಬಿಟ್ಟಿಲ್ಲ.’ ನೋಡಿದರೆ ನಿಜ. ಮುಂದೆ ದಪ್ಪನೆಯ ಹೊಸ ಕೋರೆ, ಅದರ ಬೆನ್ನಿಗೇ ಸೂಜಿಮೊನೆಯ ಹಳೆಯದು, ಎರಡರ ಸಂದಿಯಲ್ಲಿ ಸೋಫಾದ ನೂಲೊಂದು ಸಿಕ್ಕಿಕೊಂಡಿದೆ. ‘ನಮ್ಮ ಹಳೇ ಮ್ಯಾನೇಜರ್ ಇದ್ದ ಹಾಗೆ ಸಾರ್, ಟ್ರಾನ್ಸ್‌ಫರ್ ಆರ್ಡರ್ ಬಂದ್ರೂ ಕ್ವಾರ್ಟರ್ಸ್ ಖಾಲಿ ಮಾಡಲ್ಲ.’

ಪುಟ್ಟ ತಳಿಗಳಿಗೆ ಇದು ಮಾಮೂಲಂತೆ. ಬೆರಳುದ್ದದ ದವಡೆಯಲ್ಲಿ ಅಷ್ಟೂ ಹಲ್ಲು ಕೂರಬೇಕು. ಇಕ್ಕಟ್ಟಿನಲ್ಲಿ ತಿಂದದ್ದು ಸಿಕ್ಕಿ, ಪಾಚಿ ಕಟ್ಟಿ, ಬೇಗ ಕಲ್ಲಾಗುತ್ತದೆ. ಅದಕ್ಕೇ ಸುಮಾರು ಆರು ತಿಂಗಳಿಗೆ ಸಂತಾನಹರಣದ ಆಪರೇಷನ್ನಿಗೆಂದು ಮಲಗಿಸಿದಾಗ, ಅದೇ ಅರಿವಳಿಕೆಯಲ್ಲಿ ಜಾಗ ಬಿಡದ ಹಾಲುಹಲ್ಲನ್ನೂ ಕಿತ್ತುಬಿಡುತ್ತಾರೆ. ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ, ನನ್ನ ಕಾಫಿ ಆರುತ್ತಿರುವಾಗ ತಿಳಿದದ್ದು. ನನ್ನ ಬಾಯಲ್ಲಿ ಹಲ್ಲೆಷ್ಟು ಉಳಿದಿವೆಯೆಂದು ಕೇಳಿದರೆ ನಾಲಗೆ ಆಡಿಸಿ ಎಣಿಸಬೇಕು. ಚಿನ್ನಿಯದನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಆಪರೇಷನ್ನಿನ ತಯಾರಿಯಲ್ಲಿ ರಾಯರು ಬ್ಯಾಂಕ್ ಇನ್‌ಸ್ಪೆಕ್ಷನ್ನಿನ ಶಿಸ್ತನ್ನೆಲ್ಲ ಹೊರತೆಗೆದರು. ಲಸಿಕೆ ಕಾರ್ಡು, ರಕ್ತಪರೀಕ್ಷೆಯ ರಿಪೋರ್ಟು, ವಾರವಾರದ ತೂಕ. ಅರಿವಳಿಕೆಯ ಪ್ರಮಾಣ ತೂಕದ ಮೇಲೆ ನಿಂತಿದೆಯೆಂದು ಗೊತ್ತಾದ ಮೇಲಂತೂ ಮನೆಯ ತಕ್ಕಡಿಯನ್ನು ನಂಬದೆ, ಮೂಲೆಯಂಗಡಿಯ ಶೆಟ್ಟರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಪೇಪರು ಹಾಸಿ, ಬೆಲ್ಲದ ಪಿಂಡಿಯ ಪಕ್ಕದಲ್ಲೇ ತೂಗಿಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೂ ಹೋಗಿ ಇನ್ನೊಂದು ಅಭಿಪ್ರಾಯ ತಂದರು. ಎರಡೂ ಕಡೆ ಒಂದೇ ಮಾತು: ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮುಂದೆ ಸ್ತನದ ಗಡ್ಡೆಯ ಭಯ ಬಹಳ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಕಾಟವೂ ತಪ್ಪುತ್ತದೆ. ಸರಿ, ಸ್ಯಾಂಕ್ಷನ್ ಆಯಿತು. ಡಾಕ್ಟರಮ್ಮ ಶುಕ್ರವಾರ ಹತ್ತೂವರೆಗೆ ಬನ್ನಿ ಎಂದರು. ‘ರಾಹುಕಾಲ ಶುರುವಾಗೋದೇ ಹತ್ತೂವರೆಗೆ ಡಾಕ್ಟ್ರೇ!’ ಆಕೆ ನಕ್ಕು, ಮುಂದಿನ ಬುಧವಾರ ಹತ್ತಕ್ಕೆ ಎಂದು ಬರೆದುಕೊಟ್ಟರು. ಮನೆಗೆ ಬಂದು ಪಂಚಾಂಗ ತೆರೆದರೆ ಬುಧವಾರ ಏಕಾದಶಿ.

ರಾಯರಿಗೆ ಇದು ದೈವಸಂಕಲ್ಪವೇ. ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಹಾಗೆಂದು ಪುಟ್ಟ ತಳಿಯ ಮರಿಗೆ ದೊಡ್ಡ ನಾಯಿಯಷ್ಟು ಉಪವಾಸ ಹಾಕುವಂತಿಲ್ಲ, ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಅದಕ್ಕೇ ಡಾಕ್ಟರಮ್ಮ ಬೆಳಗಿನ ಜಾವ ನಾಲ್ಕಕ್ಕೆ ಒಂದು ಚೂರು ಊಟ ಕೊಡಲು ಒಪ್ಪಿದ್ದರು. ‘ಅವಳದು ಅರ್ಧ ಏಕಾದಶಿ, ನನ್ನದು ಪೂರ್ತಿ’ ಎಂದು ರಾಯರು ಮೂರೂಮುಕ್ಕಾಲಿಗೆ ಅಲಾರಂ ಇಟ್ಟರು. ಅದು ಅವರಿಗೆ ಕೇಳಿಸಿತೋ ಇಲ್ಲವೋ, ಗೋಡೆಯಾಚೆ ನನಗೆ ಕೇಳಿಸಿತು. ನಾಲ್ಕಕ್ಕೆ ಚಮಚ ಪಾತ್ರೆ ಕೆರೆಯುವ ಸದ್ದು, ‘ಇಷ್ಟೇ ಕಂದ, ಇನ್ನು ಸಂಜೆಗೆ’ ಎಂಬ ಸಮಾಧಾನ. ಆರಕ್ಕೆ ಆ ಮನೆಯಲ್ಲಿ ತಿನ್ನುವ ಪದಾರ್ಥವೆಲ್ಲ ಅಟ್ಟಕ್ಕೇರಿತು.

ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾದ ಮೇಲೆ ರಾಯರ ಮನೆಯವರು ಏಕಾದಶಿ ಬಿಟ್ಟಿದ್ದಾರೆ. ಚಿನ್ನಿಯ ಎದುರು ಯಾರೂ ತಿನ್ನಕೂಡದೆಂಬ ಅಪ್ಪಣೆಯಾಗಿದ್ದರಿಂದ ಅವತ್ತು ತಿಂಡಿಗೆ ನಮ್ಮಲ್ಲಿಗೆ ಬಂದರು. ಉಪ್ಪಿಟ್ಟಿನ ತಟ್ಟೆಯಿಂದ ಕರಿಬೇವನ್ನು ಬದಿಗೆ ಸರಿಸುತ್ತ, ‘ನನಗೂ ಇದೇ ಆಪರೇಷನ್ ಆಗಿತ್ತಲ್ಲ’ ಎಂದರು. ‘ಮಾರ್ಚ್ ಕೊನೇ ವಾರ. ಇವರಿಗೆ ಬ್ಯಾಂಕಲ್ಲಿ ಕ್ಲೋಸಿಂಗು. ಆಸ್ಪತ್ರೇಲಿ ನಮ್ಮತ್ತಿಗೆ ಇದ್ರು. ಇವರು ಡಿಸ್ಚಾರ್ಜ್ ದಿನ ಆಟೋ ತಗೊಂಡು ಬಂದ್ರು, ಪಾಪ.’ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಮನೆಯವಳು ಅವರಿಗೆ ಇನ್ನೊಂದು ಸೌಟು ಬಡಿಸಿ ನನ್ನ ಕಡೆ ನೋಡಿದಳು. ನಾನು ಪೇಪರು ಎತ್ತಿಕೊಂಡೆ.

ಆಪರೇಷನ್ ಸುಸೂತ್ರವಾಯಿತು. ಹೊಲಿಗೆ ನೆಕ್ಕದಂತೆ ಕತ್ತಿಗೆ ಪ್ಲಾಸ್ಟಿಕ್ ಆಲಿಕೆ ಹಾಕಿಕೊಂಡು ಚಿನ್ನಿ ಮನೆಗೆ ಬಂದಳು. ಅದು ಬಾಗಿಲಿಗೆ ಬಡಿಯುವ ಟಪ್ ಟಪ್ ಸದ್ದು ನಮ್ಮ ಹಾಲಿಗೂ ಕೇಳುತ್ತಿತ್ತು. 10ರಿಂದ 14 ದಿನ ಸ್ನಾನವಿಲ್ಲ, ನೆಗೆತವಿಲ್ಲ. ಅವಳು ಸೋಫಾ ಹತ್ತಬಾರದೆಂದು ರಾಯರೇ ಸೋಫಾ ಬಿಟ್ಟು, ಸವೆದ ಮಂಡಿಗಳನ್ನು ಮಡಿಸಿ ನೆಲದ ಮೇಲೆ ಕೂತರು, ರಾತ್ರಿ ಅಲ್ಲೇ ಮಲಗಿದರು. ಕಿತ್ತ ಹಾಲುಹಲ್ಲುಗಳು ಪುಟ್ಟ ಶೀಶೆಯಲ್ಲಿ, ಬ್ಯಾಂಕು ಕೊಟ್ಟ ಬೆಳ್ಳಿ ತಟ್ಟೆಯ ಪಕ್ಕದಲ್ಲಿ ವಿರಾಜಮಾನವಾದವು. ಗೇಟಿನ ಬಳಿಯ ಬೀದಿನಾಯಿಗೂ ಆ ಮನೆಯ ಮೊಸರನ್ನ ಸಿಗತೊಡಗಿದ್ದು ಆ ದಿನಗಳಲ್ಲೇ. ಅದರ ಕಿವಿಯ ತುದಿ ಕತ್ತರಿಸಿದೆ; ಹಿಡಿದೊಯ್ದು ಆಪರೇಷನ್ ಮಾಡಿ ಮತ್ತೆ ಅದೇ ಬೀದಿಗೆ ಬಿಟ್ಟದ್ದರ ಗುರುತು. ‘ಇವಳಿಗೂ ಆಗಿದೆ ಸಾರ್. ಪಕ್ಕದಲ್ಲಿ ಯಾರಿದ್ರೋ ಏನೋ’ ಎಂದರು ರಾಯರು. ನನಗೆ ಚಿನ್ನಿಗಿಂತ ಹೆಚ್ಚಾಗಿ ಮಾರ್ಚ್ ಕ್ಲೋಸಿಂಗ್ ನೆನಪಾಯಿತು. ಅವರಿಗೂ ಆಗಿರಬೇಕು, ಮಾತು ಅಲ್ಲಿಗೇ ನಿಲ್ಲಿಸಿದರು.

ನಮ್ಮ ತಲೆಮಾರಿನ ಗಂಡಸರು ಮನೆಯವರ ಕಾಯಿಲೆಗೆ ದುಡ್ಡು ಹೊಂದಿಸಿಕೊಟ್ಟೆವು, ಆಟೋ ತಂದೆವು. ಹಾಸಿಗೆಯ ಪಕ್ಕ ಕೂರುವುದು ನಮ್ಮ ಕೆಲಸವೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಬಾಯಿಬಾರದ ಪ್ರಾಣಿಯೊಂದರ ಹತ್ತಿರ ಟ್ಯೂಷನ್ನಿಗೆ ಹೋಗಬೇಕಾಗಿದೆ.

ಟ್ಯೂಷನ್ ವ್ಯರ್ಥವಾಗಿಲ್ಲ. ಮೊನ್ನೆ ರಾಯರ ಮನೆಯವರಿಗೆ ದವಡೆಹಲ್ಲು ನೋವು. ಲವಂಗ ಒತ್ತಿಕೊಂಡು ತಿಂಗಳುಗಟ್ಟಲೆ ದೂಡುವ ಹೆಂಗಸು. ಈ ಸಲ ರಾಯರು ಟಾರ್ಚ್ ತಂದು ‘ಆ ಅನ್ನು’ ಎಂದರಂತೆ. ಮಾರನೆಯ ದಿನವೇ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಹಲ್ಲು ಕೀಳಿಸುವ ತನಕ ಪಕ್ಕದಲ್ಲೇ ನಿಂತಿದ್ದರಂತೆ. ಸಂಜೆ ಆಕೆ ಊದಿದ ಕೆನ್ನೆಯಲ್ಲೇ ನಮ್ಮಲ್ಲಿಗೆ ಬಂದು, ‘ಮುಗಿದ ಮೇಲೆ ತಲೆ ಸವರಿ “ಗುಡ್ ಗರ್ಲ್” ಅಂದ್ರು, ಡಾಕ್ಟ್ರು ಎದುರಿಗೇ! ಜೇಬಿಂದ ಬಿಸ್ಕತ್ತೂ ತೆಗೀತಾರೇನೋ ಅಂತ ಹೆದರಿದ್ದೆ’ ಎಂದು ನಕ್ಕರು.

ಅವರು ಹೋದ ಮೇಲೆ ನಮ್ಮ ಮನೆಯವಳು ಲೋಟ ತೊಳೆಯುತ್ತ, ‘ಏನೂಂದ್ರೆ, ನಾವೂ ಒಂದು ಮರಿ ತರೋಣ’ ಎಂದಳು.