ಲೋಹಜಿಜ್ಞಾಸೆ

ಯಾವ ಶಾಸ್ತ್ರವೇ ಆಗಲಿ, ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಗೊತ್ತುಮಾಡಿಕೊಳ್ಳಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಮೆಲೋಡಿಕ್ ಮೆಟಲ್ ಎಂಬ ಪ್ರಕೃತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ‘ಈ ಅರಚಾಟದಲ್ಲಿ ರಾಗ ಎಲ್ಲಿದೆ, ಒಂದೆರಡು ಬ್ಯಾಂಡ್ ಹೇಳಿ ನೋಡೋಣ’ ಎಂದು ಬಾಯಿ ತಪ್ಪಿ ಕೇಳಿದವನು. ಕೇಳಿದ ತಕ್ಷಣ ಬಲ್ಲವರು ನಲವತ್ತು ಹೆಸರು, ಎಂಟು ಒಳಪಂಗಡ, ಮೂರು ಜಗಳಗಳ ಪಟ್ಟಿ ಒಪ್ಪಿಸುತ್ತಾರೆ. ಜಿಜ್ಞಾಸು ಅದನ್ನು ಭಕ್ತಿಯಿಂದ ಮಡಚಿ ಜೇಬಿಗಿಟ್ಟು ಮತ್ತೆ ರಾಜ್‌ಕುಮಾರ್ ಹಾಡಿಗೆ ಮರಳುತ್ತಾನೆ. ಆದ್ದರಿಂದ ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಹೇಳಬೇಕಾದ್ದು ಒಂದೇ ಆಲ್ಬಮ್. ಅದು ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಅಟ್ ದ ಗೇಟ್ಸ್ ಬ್ಯಾಂಡ್ 1995ರಲ್ಲಿ ಹೊರತಂದ ‘ಸ್ಲಾಟರ್ ಆಫ್ ದ ಸೋಲ್’. ಅಂದರೆ ಆತ್ಮದ ಕಗ್ಗೊಲೆ. ಆತ್ಮವನ್ನು ಯಾವ ಶಸ್ತ್ರವೂ ಕೊಲ್ಲಲಾರದೆಂದು ಗೀತೆಯೇ ಭರವಸೆ ಕೊಟ್ಟಿರುವುದರಿಂದ ಆಸ್ತಿಕರು ಗಾಬರಿಗೊಳ್ಳಬೇಕಿಲ್ಲ.

ಇನ್ನು ಪ್ರಮಾಣ. ರೌದ್ರದಿಂದಲೇ ಕರುಣ ಹುಟ್ಟುತ್ತದೆಂದು ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿಟ್ಟಿದ್ದಾನೆ. ಇದನ್ನು ವಿವರಿಸಲು ಹಳೆಯ ಪಂಡಿತರು ಯುದ್ಧ, ವಧೆ, ವಿಧವೆಯರ ಗೋಳು ಇತ್ಯಾದಿಗಳ ಮೊರೆಹೋಗಬೇಕಾಯಿತು. ಅದು ಅವರ ತಪ್ಪಲ್ಲ, ಗೋಥೆನ್‌ಬರ್ಗ್ ಊರು ಹುಟ್ಟಿದ್ದೇ 1621ರಲ್ಲಿ. ಈಗ ನಮಗೆ ಧ್ವನಿಮುದ್ರಿತ ಸಾಕ್ಷ್ಯವಿದೆ. ಈ ಆಲ್ಬಮ್ಮಿನಲ್ಲಿ ಗಾಯಕನ ಗಂಟಲು ಉದ್ದಕ್ಕೂ ರೌದ್ರದಲ್ಲೇ ಇರುತ್ತದೆ, ಸಾಲಗಾರನನ್ನು ಕಂಡ ಬಡ್ಡಿಯವನ ಹಾಗೆ. ಅಳುವ ಕೆಲಸವನ್ನೆಲ್ಲ ಗಿಟಾರುಗಳಿಗೆ ವಹಿಸಲಾಗಿದೆ. ಒಂದು ಗಿಟಾರ್ ಷಡ್ಜದಲ್ಲಿದ್ದರೆ ಜೊತೆಯದು ಗಾಂಧಾರದಲ್ಲಿ ನಿಂತು ಒಟ್ಟಿಗೆ ನಡೆಯುವ ಪದ್ಧತಿಯೊಂದು ಈ ಊರಿನ ಬ್ಯಾಂಡ್‌ಗಳಲ್ಲೆಲ್ಲ ಕೇಳಿಬರುತ್ತದೆ. ಅದು ಇಂಗ್ಲೆಂಡಿನ ಐರನ್ ಮೇಡನ್ ಕಡೆಯಿಂದ ಬಂದ ಪಿತ್ರಾರ್ಜಿತ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಧೂಳೆಬ್ಬಿಸಿ ಹೋದ ಅದೇ ಐರನ್ ಮೇಡನ್. ಸ್ವರಗಳನ್ನು ಎಣಿಸಿದರೆ ಬಹುಪಾಲು ಇಪ್ಪತ್ತನೆಯ ಮೇಳವಾದ ನಟಭೈರವಿ. ನಿಷಾದ ಒಂದು ಮೆಟ್ಟಿಲು ಮೇಲಕ್ಕೇರಿದರೆ ಪಕ್ಕದ ಮನೆಯ ಕೀರವಾಣಿ. ‘ಹಾಗಾದರೆ ಗಮಕವೆಲ್ಲಿ?’ ಎಂದು ವಿದ್ವಾಂಸರು ಹುಬ್ಬೇರಿಸುತ್ತಾರೆ. ಗಮಕವಿಲ್ಲ, ಒಪ್ಪೋಣ. ಅಷ್ಟು ವೇಗದಲ್ಲಿ ಸ್ವರವನ್ನು ಒಲೆದಾಡಿಸಲು ಹೋದವರ ಬೆರಳಿಗೆ ವಿಮೆ ಸಿಗುವುದಿಲ್ಲ.

ಮುಖ್ಯ ಪೂರ್ವಪಕ್ಷವೆಂದರೆ, ಸಾಹಿತ್ಯ ಒಂದಕ್ಷರವೂ ತಿಳಿಯುವುದಿಲ್ಲ ಎಂಬುದು. ಈ ಆಕ್ಷೇಪ ಎತ್ತುವವರೇ ತೆಲುಗು ಕೃತಿಗಳಿಗೆ ಮೂರು ಗಂಟೆ ತಲೆದೂಗಿ ಬರುವುದನ್ನು ಇಲ್ಲಿ ಗಮನಿಸತಕ್ಕದ್ದು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸಿದಾಗ ‘ಸ್ವಾಮಿ, ಈಗೇನಂದಿರಿ?’ ಎಂದು ಯಾರೂ ಕೇಳುವುದಿಲ್ಲ. ರಾಕ್ಷಸ ಬಂದನೆಂದು ಮಕ್ಕಳಿಗೂ ಗೊತ್ತಾಗುತ್ತದೆ, ನಿದ್ದೆಯಲ್ಲಿದ್ದ ಮಗುವಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಎರಡನೆಯ ಆಕ್ಷೇಪ ಒಳಗಿನವರದು, ಹೆಚ್ಚು ವಿಷಕಾರಿ: ಅದೇ ಊರಿನ ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ದ ಗ್ಯಾಲರಿ’ (1995), ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ (1996) ಇದಕ್ಕಿಂತ ಇಂಪಾಗಿವೆಯಲ್ಲ? ಇಂಪಾಗಿವೆ, ಅನುಮಾನವಿಲ್ಲ. ಮೂರೂ ಒಂದೇ ಸ್ಟುಡಿಯೊ ಫ್ರೆಡ್‌ಮನ್‌ನಲ್ಲಿ ತಯಾರಾದವು, ಒಂದೇ ಅಡುಗೆಮನೆಯ ಸಾರು, ಹುಳಿ, ಗೊಜ್ಜಿನ ಹಾಗೆ. ಆದರೆ ಇಂಪು ಹೆಚ್ಚಿದಷ್ಟೂ ಹೊಸಬನಿಗೆ ಇದು ಸಿಟ್ಟಿನ ಸಂಗೀತವೆಂಬುದೇ ಮರೆತುಹೋಗುತ್ತದೆ, ಆಮೇಲೆ ಭರತಮುನಿಯ ವಾಕ್ಯಕ್ಕೆ ಆಧಾರವೇ ಉಳಿಯುವುದಿಲ್ಲ.

ಪಂಕ್ ಸಂಗೀತದ ಕವಲಾದ ಹಾರ್ಡ್‌ಕೋರ್‌ಗೂ ಈ ಮೆಟಲ್‌ಗೂ ನಂಟಿಲ್ಲ, ಅದು ಬೇರೆ ಗೋತ್ರವೆಂಬ ವಾದವೊಂದು ಬಾಕಿಯಿದೆ. ಗೋತ್ರ ಬೇರೆಯೇ, ಆದ್ದರಿಂದಲೇ ಮದುವೆ ಸಾಧ್ಯವಾಯಿತು. 1980ರ ದಶಕದ ಆರಂಭದ ವಾಷಿಂಗ್ಟನ್ನಿನಲ್ಲಿ ಮೈನರ್ ಥ್ರೆಟ್ ಎಂಬ ಹುಡುಗರು ಮುಕ್ಕಾಲು ನಿಮಿಷದ ಒಂದು ಹಾಡಿನಲ್ಲಿ ಮಾದಕ ವಸ್ತುಗಳೆಲ್ಲ ಬೇಡವೆಂದು ಕಿರುಚಿ, ಕುಡಿತ, ಸಿಗರೇಟುಗಳನ್ನೂ ದೂರವಿಡುವ ‘ಸ್ಟ್ರೇಟ್ ಎಡ್ಜ್’ ಎಂಬ ವ್ರತಕ್ಕೇ ಹೆಸರು ಕೊಟ್ಟರು. ನಮ್ಮ ಪಾನನಿರೋಧದ ಸಭೆಗಳಿಗೆ ವಿಷಯ ಮುಟ್ಟಿದ್ದರೆ ಶಾಲು, ಹಣ್ಣಿನ ಬುಟ್ಟಿ ಖಂಡಿತ ಸಲ್ಲುತ್ತಿತ್ತು. ಆ ಪರಂಪರೆಯಲ್ಲಿ ಅದೇ ಊರಿನಲ್ಲಿ ಬೆಳೆದ ಡಾರ್ಕೆಸ್ಟ್ ಅವರ್ ಬ್ಯಾಂಡ್, 2003ರ ತನ್ನ ಆಲ್ಬಮ್ ಧ್ವನಿಮುದ್ರಿಸಲು ಎಲ್ಲಿಗೆ ಹೋಯಿತು? ಅಟ್ಲಾಂಟಿಕ್ ದಾಟಿ, ಗೋಥೆನ್‌ಬರ್ಗಿನ ಅದೇ ಸ್ಟುಡಿಯೊ ಫ್ರೆಡ್‌ಮನ್‌ಗೆ. ಕಾಶಿಗೆ ಹೋದವರು ಗಂಗೆ ಎಲ್ಲಿದೆಯೆಂದು ತಾವೇ ತೋರಿಸಿಕೊಟ್ಟಂತಾಯಿತಲ್ಲ. ಮ್ಯಾಸಚೂಸೆಟ್ಸ್‌ನ ಕಿಲ್‌ಸ್ವಿಚ್ ಎಂಗೇಜ್ 2002ರಲ್ಲಿ ಪಲ್ಲವಿಯನ್ನು ಹಾಡಿ, ಉಳಿದದ್ದನ್ನು ಅರಚುವ ರಾಜಿಸೂತ್ರ ತಂದಿತು. ಮೆತ್ತನೆಯ ಕಿವಿಗೆ ಅದೇ ಹಿತವೆನ್ನುವವರುಂಟು. ಮೊಮ್ಮಗನ ಪರಿಚಯ ಅಜ್ಜನ ಮೂಲಕವೇ ಆಗಲಿ ಎಂಬುದು ಈ ಶಾಸ್ತ್ರದ ಮಡಿವಂತಿಕೆ.

ಆಲ್ಬಮ್ ಬಂದ ಮರುವರ್ಷವೇ ಅಟ್ ದ ಗೇಟ್ಸ್ ಚದುರಿಹೋಗಿ, ಮತ್ತೆ ಒಂದುಗೂಡಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಿಜ್ಞಾಸುಗಳೇ, ನಿಮಗೆ ಅಷ್ಟು ಕಾಲ ಬೇಡ. ಇಡೀ ಆಲ್ಬಮ್ 34 ನಿಮಿಷ. ಮನೆಯಲ್ಲಿ ಹಿರಿಯರಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.